ಅಪ್ಪನ ರಕ್ತದ ಸೋಂಕು: ಮೂರು ಔಷಧಿ, 46 ದಿನ

ಮೊನ್ನೆ ಅಪ್ಪನ ತೋಳಿನಿಂದ ಪಿಕ್ ಲೈನ್, ಅಂದರೆ ಔಷಧಿ ಕೊಡಲು ಹಾಕಿದ್ದ ಕೊಳವೆ, ತೆಗೆದರು. 46 ದಿನದ ಫೈಲು ಇನ್ನೂ ಮೇಜಿನ ಮೇಲೇ ಬಿದ್ದಿದೆ. ಅದು ಕಪಾಟು ಸೇರುವ ಮೊದಲು ಬರೆದುಬಿಡೋಣ ಅಂತ ಕೂತಿದ್ದೇನೆ. ಕಾಯಿಲೆ ನಮ್ಮನ್ನು ಕಾಡಿದ್ದು ಎಷ್ಟೋ, ಗೊಂದಲ ಕಾಡಿದ್ದೂ ಅಷ್ಟೇ. ಯಾಕೆ ಈ ಔಷಧಿ, ಅದು ಯಾಕಲ್ಲ? ಪಕ್ಕದ ಮಂಚದವರಿಗೆ ಏಳು ದಿನ, ನಮಗೆ ಯಾಕೆ ಆರು ವಾರ? ನಾನು ಡಾಕ್ಟರಲ್ಲ, ಮಗಳು. ಕೇಳಿ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತಿದ್ದೇನೆ ಅಷ್ಟೆ.

ಶುರುವಾಗಿದ್ದು ಹಿಮ್ಮಡಿಯಿಂದ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಹಿಮ್ಮಡಿ ಯಾವಾಗಲೂ ಒಡೆದೇ ಇರುತ್ತದೆ. ಒಂದು ಒಡಕು ಸ್ವಲ್ಪ ಕೆಂಪಾಗಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕೈದು ದಿನ ಸೊಂಟ ನೋವು ಅಂದರು. ವಯಸ್ಸಾಯ್ತಲ್ಲ ಅಂದುಕೊಂಡೆವು. ಆಮೇಲೆ ಒಂದು ರಾತ್ರಿ ಚಳಿ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು, ಮಂಚವೇ ಅಲುಗಾಡುತ್ತಿತ್ತು. ಬೆಳಗಾಗುವ ಹೊತ್ತಿಗೆ ಮಾತು ತೊದಲಿತು. ಅಲ್ಲಿಂದ ನೇರ ಎಮರ್ಜೆನ್ಸಿಗೆ.

ಅಲ್ಲಿ ಮೊದಲು ಮಾಡಿದ ಕೆಲಸ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ. ಎರಡು ಕೈಯಿಂದ ಬೇರೆ ಬೇರೆಯಾಗಿ ರಕ್ತ ತೆಗೆದು ನಾಲ್ಕು ಬಾಟಲಿಗೆ ತುಂಬಿಸಿದರು, ಒಂದೊಂದಕ್ಕೂ ಎಂಟು-ಹತ್ತು ಎಂಎಲ್. "ಇಷ್ಟೊಂದು ರಕ್ತ ಯಾಕೆ?" ಅಂತ ನಾನು ಸಿಡುಕಿದೆ. ರಕ್ತ ಕಡಿಮೆಯಾದರೆ ರೋಗಾಣು ಸಿಗದೇ ಹೋಗಬಹುದು, ಆ್ಯಂಟಿಬಯೋಟಿಕ್ ಒಳಗೆ ಹೋದ ಮೇಲೆ ತೆಗೆದರೆ ಇನ್ನೂ ಕಷ್ಟ ಅಂತ ಸಿಸ್ಟರ್ ಹೇಳಿದರು. ಇದನ್ನು ನೆನಪಿಡಿ. ಮುಂದಿನ ಪ್ರತಿಯೊಂದು ನಿರ್ಧಾರವೂ ಈ ಬಾಟಲಿಗಳ ಮೇಲೆ ನಿಂತಿರುತ್ತದೆ. ಔಷಧಿ ಶುರುವಾಗುವ ಮುಂಚೆ ಕಲ್ಚರ್ ತೆಗೆದರಾ ಅಂತ ಒಂದು ಮಾತು ಕೇಳಿ. ಆದರೆ ಅದಕ್ಕಾಗಿ ಔಷಧಿಯನ್ನು ಗಂಟೆಗಟ್ಟಲೆ ತಡ ಮಾಡಿಸಬೇಡಿ.

ಬಾಟಲಿಗಳು ಲ್ಯಾಬಿಗೆ ಹೋದ ಮೇಲೆ ಎರಡು ಡ್ರಿಪ್ ಹಾಕಿದರು, ಮೆರೊಪೆನೆಮ್ ಮತ್ತು ವ್ಯಾಂಕೋಮೈಸಿನ್. ರೋಗಾಣು ಯಾವುದು ಅಂತ ಗೊತ್ತಿಲ್ಲದಿರುವಾಗ ಆದಷ್ಟು ಅಗಲಕ್ಕೆ ಬಲೆ ಬೀಸುತ್ತಾರೆ. ಅಪ್ಪನ ಹಳೇ ಚೀಟಿಯಲ್ಲಿ "ಪೆನಿಸಿಲಿನ್ ಅಲರ್ಜಿ" ಅಂತ ಬರೆದಿತ್ತು. ಹಾಗಾಗಿ ಆ ಜಾತಿಯ ಔಷಧಿಗಳನ್ನು ಬಿಟ್ಟಿದ್ದರು. ಆ ಚೀಟಿಯ ಕಥೆ ಮುಂದೆ ಬರುತ್ತದೆ.

ವ್ಯಾಂಕೋಮೈಸಿನ್ ಹೋಗುತ್ತಿದ್ದಾಗ ಅಪ್ಪನ ಕತ್ತು, ಕಿವಿ, ಎದೆ ಎಲ್ಲ ಕೆಂಪಾಗಿ ತುರಿಕೆ ಶುರುವಾಯಿತು. ನಾನು ಅಲರ್ಜಿ ಅಂತ ಕೂಗಿಕೊಂಡೆ. ಸಿಸ್ಟರ್ ಬಂದು ಡ್ರಿಪ್ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ, ಆಮೇಲೆ ನಿಧಾನಕ್ಕೆ ಬಿಟ್ಟರು. ಈ ಔಷಧಿ ಬೇಗ ಹರಿದರೆ ಹೀಗೆ ಆಗುತ್ತದಂತೆ. ಒಂದು ಗ್ರಾಂಗೆ ಕಡಿಮೆ ಅಂದರೂ ಒಂದು ಗಂಟೆ ಬೇಕು. "ಬೇಗ ಮುಗಿಸಿ, ಅಪ್ಪ ಮಲಗಲಿ" ಅಂತ ಸ್ವಲ್ಪ ಹೊತ್ತಿಗೆ ಮುಂಚೆ ಹೇಳಿದ್ದು ನಾನೇ.

ಎರಡನೇ ದಿನ ಬೆಳಗಿನ ಜಾವವೇ ಲ್ಯಾಬಿನಿಂದ ಫೋನ್ ಬಂದಿತ್ತು. ನಾಲ್ಕಕ್ಕೆ ನಾಲ್ಕೂ ಬಾಟಲಿ ಪಾಸಿಟಿವ್. ಬಾಟಲಿಯ ತಳದಲ್ಲಿ ಒಂದು ಬಿಲ್ಲೆ ಇರುತ್ತದೆ. ಒಳಗೆ ರೋಗಾಣು ಬೆಳೆದು ಗಾಳಿ ಬಿಟ್ಟಾಗ ಅದು ಹಳದಿಗೆ ತಿರುಗುತ್ತದೆ, ಯಂತ್ರ ಕೂಗುತ್ತದೆ. ಆ ರಕ್ತದ ಒಂದು ಹನಿಗೆ ಬಣ್ಣ ಹಾಕಿ ನೋಡಿದರೆ ನೇರಳೆ ಬಣ್ಣದ ಗುಂಡುಗುಂಡು ಕಣಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಸ್ಟ್ಯಾಫಿಲೋಕಾಕಸ್. 1882ರಲ್ಲಿ ಈ ಹೆಸರು ಕೊಟ್ಟ ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ಗ್ರೀಕ್ ಭಾಷೆಯ ದ್ರಾಕ್ಷಿ ಗೊಂಚಲನ್ನೇ ತೆಗೆದುಕೊಂಡಿದ್ದ. ಗೊಂಚಲು ಕಂಡದ್ದರಿಂದ, ಇದಕ್ಕೆ ಸದ್ಯ ವ್ಯಾಂಕೋಮೈಸಿನ್ ಸಾಕು ಅಂತ ಅವತ್ತೇ ಮೆರೊಪೆನೆಮ್ ನಿಲ್ಲಿಸಿದರು.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ದೂರದ ಊರಿನಲ್ಲಿರುತ್ತಾನೆ. "ಎಲ್ಲಕ್ಕಿಂತ ಸ್ಟ್ರಾಂಗ್ ಇರೋದನ್ನೇ ನಿಲ್ಲಿಸಿದ್ರಾ? ನೀನು ಸುಮ್ನೆ ಇದ್ದೆಯಾ?" ಅಂದ. ನನಗೂ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು.

ಮೂರನೇ ದಿನ ಅದಕ್ಕಿಂತ ದೊಡ್ಡ ಪೆಟ್ಟು. ಪೂರ್ತಿ ರಿಪೋರ್ಟ್ ಬಂತು: ಸ್ಟ್ಯಾಫಿಲೋಕಾಕಸ್ ಆರಿಯಸ್, ಮೆಥಿಸಿಲಿನ್ ಎಂಬ ಪೆನಿಸಿಲಿನ್ ಜಾತಿಯ ಔಷಧಿಗೆ ಬಗ್ಗುವ ಜಾತಿ. ಅಂದರೆ ಅದಕ್ಕೆ ಬಗ್ಗದ, ಎಲ್ಲರೂ ಹೆದರುವ ಎಂಆರ್‌ಎಸ್‌ಎ ಅಲ್ಲ, ಬಗ್ಗುವ ಎಂಎಸ್‌ಎಸ್‌ಎ. ಸೋಂಕು ರೋಗಗಳ ತಜ್ಞೆ ಬಂದು, "ಇವತ್ತಿನಿಂದ ವ್ಯಾಂಕೋಮೈಸಿನ್ ಬೇಡ, ಸೆಫಜೋಲಿನ್ ಕೊಡೋಣ" ಅಂದರು. ಸೆಫಜೋಲಿನ್ 1970ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಔಷಧಿ. ಆಪರೇಷನ್‌ಗೆ ಮುಂಚೆ ಒಂದು ಡೋಸ್ ಕೊಡುತ್ತಾರಲ್ಲ, ಅದೇ. ಬೆಲೆಯೂ ತೀರಾ ಕಡಿಮೆ. ನನಗೆ ಅನಿಸಿದ್ದು ಒಂದೇ: ಕೈಬಿಡುತ್ತಿದ್ದಾರೆ.

ನಾನು ವಾದ ಮಾಡಿದೆ. ಅಣ್ಣನನ್ನು ಸ್ಪೀಕರ್‌ಗೆ ಹಾಕಿದೆ. ಆ ಡಾಕ್ಟರ್ ಪುಣ್ಯಾತ್ಗಿತ್ತಿ, ಸಿಟ್ಟಾಗಲಿಲ್ಲ. ರಿಪೋರ್ಟಿನ ಹಿಂದೆ ಎರಡು ಗೆರೆ ಎಳೆದರು, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. "ಅಡ್ಡಗೆರೆ ಅಂದ್ರೆ ಎಷ್ಟು ಬಗೆಯ ರೋಗಾಣು ಕೊಲ್ಲುತ್ತೆ ಅನ್ನೋದು. ಉದ್ದಗೆರೆ ಅಂದ್ರೆ ನಿಮ್ಮ ತಂದೆಯ ರಕ್ತದಲ್ಲಿರೋ ಈ ಒಂದನ್ನ ಎಷ್ಟು ಚೆನ್ನಾಗಿ ಕೊಲ್ಲುತ್ತೆ ಅನ್ನೋದು. ನೀವು ಸ್ಟ್ರಾಂಗ್ ಅಂತಿರೋದು ಅಡ್ಡಗೆರೆಯನ್ನ. ನಮಗೀಗ ಬೇಕಿರೋದು ಉದ್ದಗೆರೆ." ವ್ಯಾಂಕೋಮೈಸಿನ್ ದೊಡ್ಡ ಅಣು, ನಿಧಾನಕ್ಕೆ ಕೊಲ್ಲುತ್ತದೆ. ಎಂಎಸ್‌ಎಸ್‌ಎಗೆ ಅದನ್ನೇ ಮುಂದುವರಿಸಿದವರಲ್ಲಿ ಸಾವು ಜಾಸ್ತಿ ಅಂತ ಹಲವು ದಾಖಲೆ ಅಧ್ಯಯನಗಳು ಹೇಳಿವೆ. ಎಂಆರ್‌ಎಸ್‌ಎ ಆಗಿದ್ದರೆ ಮಾತ್ರ ವ್ಯಾಂಕೋಮೈಸಿನ್ ಅಥವಾ ಡಾಪ್ಟೋಮೈಸಿನ್ ಬೇಕಿತ್ತು. ಆ ಡಾಪ್ಟೋಮೈಸಿನ್ ಕೂಡ ನ್ಯುಮೋನಿಯಾಗೆ ಕೆಲಸಕ್ಕೆ ಬರುವುದಿಲ್ಲವಂತೆ, ಶ್ವಾಸಕೋಶದೊಳಗಿನ ದ್ರವವೇ ಅದನ್ನು ಕಟ್ಟಿಹಾಕುತ್ತದೆ.

"ಹಾಗಾದ್ರೆ ಎರಡನ್ನೂ ಕೊಡಿ" ಅಂದ ಅಣ್ಣ. ಅದನ್ನೂ ಜನ ಪರೀಕ್ಷೆ ಮಾಡಿ ನೋಡಿದ್ದಾರೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಬ್ರಿಟನ್ನಿನಲ್ಲಿ ರಕ್ತದಲ್ಲಿ ಇದೇ ರೋಗಾಣು ಇದ್ದ 758 ಜನರ ಮೇಲೆ ನಡೆದ ಅರೆಸ್ಟ್ ಎಂಬ ಅಧ್ಯಯನದಲ್ಲಿ ಮಾಮೂಲಿ ಔಷಧಿಯ ಜೊತೆ ರಿಫಾಂಪಿಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಸೇರಿಸಿದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ ಕ್ಯಾಮೆರಾ-2 ಅಧ್ಯಯನದಲ್ಲಿ ಎಂಆರ್‌ಎಸ್‌ಎ ರೋಗಿಗಳಿಗೆ ಎರಡು ಔಷಧಿ ಒಟ್ಟಿಗೆ ಕೊಟ್ಟರು. ರಕ್ತವೇನೋ ಬೇಗ ಶುಚಿಯಾಯಿತು. ಆದರೆ ಕಿಡ್ನಿಗೆ ಪೆಟ್ಟು ಬಿದ್ದವರು ಜಾಸ್ತಿಯಾಗಿ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅಪ್ಪನಿಗೆ ಆಗಲೇ 1.0ರಿಂದ 1.6ಕ್ಕೆ ಏರಿತ್ತು. ಡಾಕ್ಟರ್ ಅದನ್ನು ತೋರಿಸಿದ ಮೇಲೆ ಅಣ್ಣ ಮಾತಾಡಲಿಲ್ಲ.

ಈಗ ಆ ಚೀಟಿ. ಸೆಫಜೋಲಿನ್ ಅಂದ ಕೂಡಲೇ ಔಷಧಿ ವಿಭಾಗದಿಂದ ತಡೆ ಬಂತು. ಅದು ಪೆನಿಸಿಲಿನ್‌ನ ನೆಂಟ, ಹಾಗಾಗಿ ಕಂಪ್ಯೂಟರಿನಲ್ಲಿ ಅಲರ್ಜಿ ಅಂತ ಕೆಂಪಕ್ಷರ. ಮೂರು ಗಂಟೆ ಅದಕ್ಕೇ ಹೋಯಿತು. ಡಾಕ್ಟರ್ ಬಂದು ಅಪ್ಪನನ್ನು ವಿಚಾರಣೆ ಮಾಡಿದರು. ಯಾವಾಗ ಆಗಿದ್ದು? ಹತ್ತು-ಹನ್ನೆರಡು ವರ್ಷದ ಹುಡುಗನಾಗಿದ್ದಾಗ. ಏನಾಯ್ತು? ಮೈಮೇಲೆ ಗಂಧೆ ಎದ್ದಿತ್ತು. ಉಸಿರು ಕಟ್ಟಿತ್ತಾ, ನಾಲಿಗೆ ಊದಿತ್ತಾ, ಆಸ್ಪತ್ರೆಗೆ ಸೇರಿಸಿದ್ದರಾ? ಇಲ್ಲ, ಇಲ್ಲ, ಇಲ್ಲ. ಆಮೇಲೆ ಯಾವತ್ತಾದರೂ ಅಮಾಕ್ಸಿಸಿಲಿನ್ ತಗೊಂಡಿದ್ದೀರಾ? ಅಪ್ಪ ಯೋಚಿಸಿ, "ಹಲ್ಲು ಕೀಳಿಸಿದಾಗ ಏನೋ ಕ್ಯಾಪ್ಸೂಲ್ ಕೊಟ್ಟಿದ್ರು" ಅಂದರು. ಮನೆಗೆ ಹೋಗಿ ಹಳೇ ಚೀಟಿಗಳ ಡಬ್ಬ ತಡಕಿದೆ. ಸಿಕ್ಕಿತು. ಅಮಾಕ್ಸಿಸಿಲಿನ್, ಐದು ದಿನ. ಅದೂ ಪೆನಿಸಿಲಿನ್ ಜಾತಿಯದ್ದೇ. ಏನೂ ಆಗಿರಲಿಲ್ಲ!

ಪೆನಿಸಿಲಿನ್ ಅಲರ್ಜಿ ಅಂತ ಹಣೆಪಟ್ಟಿ ಹೊತ್ತವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ಪರೀಕ್ಷೆ ಮಾಡಿದರೆ ಅಲರ್ಜಿ ಇರುವುದೇ ಇಲ್ಲ. ಸೆಫಜೋಲಿನ್‌ನ ರಚನೆಯಲ್ಲಿರುವ ಬಾಲ ಪೆನಿಸಿಲಿನ್‌ಗಳ ಬಾಲಕ್ಕೆ ಹೋಲುವುದೂ ಇಲ್ಲ, ಆದ್ದರಿಂದ ನಿಜವಾದ ಅಲರ್ಜಿ ಇದ್ದವರಿಗೂ ಅದು ಬಹುಮಟ್ಟಿಗೆ ಹೊಂದುತ್ತದೆ. ಆದರೂ ಮೊದಲ ಡೋಸ್ ಕೊಡುವಾಗ ಸಿಸ್ಟರ್ ಅರ್ಧ ಗಂಟೆ ಪಕ್ಕದಲ್ಲೇ ಕೂತಿದ್ದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಹಣೆಪಟ್ಟಿ ಇದ್ದರೆ ಯಾವಾಗ, ಏನಾಯಿತು, ಆಮೇಲೆ ಏನೇನು ತೆಗೆದುಕೊಂಡರು ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಚಳಿಜ್ವರದಲ್ಲಿ ನಡುಗುತ್ತಿರುವವರ ಹತ್ತಿರ ಅರವತ್ತು ವರ್ಷದ ಹಿಂದಿನ ಕಥೆ ಕೇಳುವ ಪಾಡು ಬೇಡ.

ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಇದ್ದರು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು, ಇ. ಕೋಲೈ ಎಂಬ ರೋಗಾಣು. ಅವರ ಸೊಸೆ ಮತ್ತು ನಾನು ಕಾರಿಡಾರಿನ ಬೆಂಚಿನ ಸ್ನೇಹಿತೆಯರಾದೆವು. ತಮಾಷೆ ಅಂದರೆ, ನಮ್ಮದು ಯಾವ ದಿನ "ಕೆಳಗಿಳಿಯಿತೋ" ಅದರ ಮಾರನೇ ದಿನ ಅವರದ್ದು "ಮೇಲೇರಿತು". ಅಜ್ಜಿಗೆ ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್ ನಡೆಯುತ್ತಿತ್ತು, ಜ್ವರವೂ ಇಳಿಯುತ್ತಿತ್ತು. ರಿಪೋರ್ಟಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ಜಾತಿ ಅಂತ ಬಂದ ತಕ್ಷಣ ಮೆರೊಪೆನೆಮ್‌ಗೆ ಬದಲಾಯಿಸಿದರು. ಲ್ಯಾಬ್ ಹಾಳೆಯಲ್ಲಿ ಟ್ಯಾಜೋಬ್ಯಾಕ್ಟಮ್ ಮುಂದೆ "ಕೆಲಸ ಮಾಡುತ್ತದೆ" ಅಂತಲೇ ಇತ್ತು. ಸೊಸೆಗೆ ಅನುಮಾನ: ದುಡ್ಡು ಕೀಳೋಕೆ ಮಾಡಿದ್ರಾ?

ಅಲ್ಲ. 2018ರಲ್ಲಿ ಬಂದ ಮೆರಿನೋ ಎಂಬ ಅಧ್ಯಯನ ಇದೇ ಜಾತಿಯ ರೋಗಿಗಳಲ್ಲಿ ಇದೇ ಎರಡು ಔಷಧಿಗಳನ್ನು ಹೋಲಿಸಿತ್ತು. 30 ದಿನದೊಳಗೆ ತೀರಿಕೊಂಡವರು ಮೆರೊಪೆನೆಮ್ ಗುಂಪಿನಲ್ಲಿ ನೂರಕ್ಕೆ 3.7, ಇನ್ನೊಂದರಲ್ಲಿ 12.3. ಹಾಳೆಯ ಮೇಲೆ ಎರಡೂ ಸರಿ ಅಂತ ಕಂಡರೂ ಮೈಯೊಳಗೆ ಅಲ್ಲ. ಒಂದೇ ಕೋಣೆಯಲ್ಲಿ ಮೆರೊಪೆನೆಮ್ ನಮಗೆ ಬೇಡವಾಯಿತು, ಅವರಿಗೆ ಬೇಕಾಯಿತು. ಬೆಂಚಿನ ಮೇಲೆ ಕೂತು ಇದನ್ನು ಮಾತಾಡಿಕೊಂಡ ಮೇಲೆ ನನ್ನ ತಲೆಯಿಂದ "ಸ್ಟ್ರಾಂಗ್" ಅನ್ನೋ ಪದ ಹೊರಟುಹೋಯಿತು.

ನಾಲ್ಕನೇ ದಿನ ಮತ್ತೆ ಕೆಟ್ಟ ಸುದ್ದಿ. ಔಷಧಿ ಬದಲಾಗುವ ಮುಂಚೆ, ಮೂರನೇ ದಿನ ಬೆಳಿಗ್ಗೆ ತೆಗೆದಿದ್ದ ಕಲ್ಚರ್ ಕೂಡ ಪಾಸಿಟಿವ್. ಈ ಸ್ಟ್ಯಾಫ್ ವಿಷಯದಲ್ಲಿ ಒಂದು ಸಲ ಕಲ್ಚರ್ ಮಾಡಿದರೆ ಮುಗಿಯಲಿಲ್ಲ. ರಕ್ತ ಶುಚಿಯಾಯಿತು ಅಂತ ಗೊತ್ತಾಗುವವರೆಗೂ ದಿನಕ್ಕೋ ಎರಡು ದಿನಕ್ಕೋ ಒಮ್ಮೆ ಚುಚ್ಚುತ್ತಲೇ ಇರುತ್ತಾರೆ. ಅಪ್ಪನ ಎರಡೂ ತೋಳು ನೀಲಿಗಟ್ಟಿದ್ದವು. ಔಷಧಿ ಕೊಟ್ಟರೂ ರಕ್ತದಲ್ಲಿ ಉಳಿದಿದೆ ಅಂದರೆ ಎಲ್ಲೋ ಗೂಡು ಕಟ್ಟಿದೆ ಅಂತ ಹುಡುಕಾಟ ಶುರುವಾಯಿತು.

ಮೊದಲು ಎದೆಯ ಮೇಲಿಂದ ಎಕೋ, ಅಂದರೆ ಹೃದಯದ ಸ್ಕ್ಯಾನ್. ಹೃದಯದ ಕವಾಟಗಳು ಸರಿಯಿದ್ದ ಹಾಗಿತ್ತು, ಆದರೆ ಚಿತ್ರ ಸ್ಪಷ್ಟ ಇರಲಿಲ್ಲ. ಹಾಗಾಗಿ ಗಂಟಲಿನೊಳಗೆ ಕೊಳವೆ ಇಳಿಸಿ ಮಾಡುವ ಎಕೋ. ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ನಮ್ಮ ಸರದಿ ಬೆಳಿಗ್ಗೆ ಹತ್ತಕ್ಕೆ ಅಂದವರು ಕರೆದದ್ದು ಮಧ್ಯಾಹ್ನ ಮೂರಕ್ಕೆ. ಸಕ್ಕರೆ ಕಾಯಿಲೆಯವರಿದ್ದರೆ ಉಪವಾಸದಲ್ಲಿ ಇನ್ಸುಲಿನ್ ಏನು ಮಾಡಬೇಕು ಅಂತ ಮೊದಲೇ ಕೇಳಿಕೊಳ್ಳಿ. ನಾವು ಕೇಳಲಿಲ್ಲ, ಅಪ್ಪನ ಸಕ್ಕರೆ 62ಕ್ಕೆ ಇಳಿದು ಬೆವರಿ ಒದ್ದೆಯಾದರು. ಹಲ್ಲಿನ ಸೆಟ್ಟನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನು ಕರ್ಚೀಫಿನಲ್ಲಿ ಸುತ್ತಿ ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದೆ. ಯಾಕೋ ಅಷ್ಟು ದಿನದಲ್ಲಿ ಅಳು ಬಂದದ್ದು ಆಗಲೇ.

ಹೃದಯದಲ್ಲಿ ಏನೂ ಇರಲಿಲ್ಲ. ಗೂಡು ಸಿಕ್ಕಿದ್ದು ಬೆನ್ನುಮೂಳೆಯಲ್ಲಿ. ನಾವು ವಯಸ್ಸಿನ ನೋವು ಅಂದುಕೊಂಡಿದ್ದು ಸೊಂಟದ ಎರಡು ಮೂಳೆಗಳ ನಡುವಿನ ಸೋಂಕು ಅಂತ ಎಂಆರ್‌ಐಯಲ್ಲಿ ಕಂಡಿತು. ಸದ್ಯ, ಕೀವು ನರಗಳನ್ನು ಒತ್ತುತ್ತಿರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ಜ್ವರದ ಜೊತೆ ಹೊಸದಾಗಿ ಬೆನ್ನು ನೋವು ಬಂದಿದ್ದರೆ ಅದನ್ನು ಡಾಕ್ಟರಿಗೆ ಎರಡೆರಡು ಸಲ ಹೇಳಿ. ನಾನು ಹೇಳಿದ್ದು ನಾಲ್ಕನೇ ದಿನ, ಅದೂ ಅವರೇ ಕೇಳಿದಾಗ.

ಐದನೇ ದಿನ ತೆಗೆದ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಔಷಧಿ ಬದಲಿಸಿದ್ದರಿಂದಲೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಕ್ರಿಯಾಟಿನಿನ್ ಇಳಿಯಿತು, ಅಪ್ಪ ಪೇಪರ್ ಕೇಳಿದರು.

ಅಜ್ಜಿ ಏಳು ದಿನ ಮುಗಿಸಿ ಮನೆಗೆ ಹೊರಟರು. ನಮಗೆ ಆರು ವಾರ ಅಂದರು. ಅಪ್ಪನಿಗೆ ಮುಖ ಸಣ್ಣದಾಯಿತು. "ಅವರಿಗೂ ರಕ್ತದಲ್ಲೇ ಇತ್ತಲ್ವಾ?" ಇದಕ್ಕೂ ಉತ್ತರ ಇದೆ. 2024ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಅಧ್ಯಯನದಲ್ಲಿ ಏಳು ದೇಶಗಳ 74 ಆಸ್ಪತ್ರೆಗಳ, ರಕ್ತದಲ್ಲಿ ಸೋಂಕಿದ್ದ 3,608 ರೋಗಿಗಳನ್ನು ಏಳು ದಿನ ಮತ್ತು ಹದಿನಾಲ್ಕು ದಿನದ ಎರಡು ಗುಂಪು ಮಾಡಿದ್ದರು. 90 ದಿನದಲ್ಲಿ ಸಾವು ಏಳು ದಿನದ ಗುಂಪಿನಲ್ಲಿ ನೂರಕ್ಕೆ 14.5, ಹದಿನಾಲ್ಕರಲ್ಲಿ 16.1. ಅಂದರೆ ಏಳು ದಿನದ ಔಷಧಿಯೇ ಸಾಕಾಯಿತು. ಆದರೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಯೇ ಇರಲಿಲ್ಲ. ಈ ರೋಗಾಣು ಮೂಳೆ, ಕವಾಟ ಎಲ್ಲೆಂದರಲ್ಲಿ ಕೂತುಬಿಡುತ್ತದೆ. ತೀರಾ ಸರಳ ಪ್ರಕರಣಕ್ಕೂ ಹದಿನಾಲ್ಕು ದಿನ ಬೇಕು. ಬೆನ್ನುಮೂಳೆಗೆ ಹೋದರೆ ಹಿಂದೆ ಮೂರು ತಿಂಗಳು ಕೊಡುವುದೂ ಇತ್ತು. ಫ್ರಾನ್ಸಿನಲ್ಲಿ 351 ಜನರನ್ನು ಹೋಲಿಸಿ ಆರು ವಾರಕ್ಕೂ ಹನ್ನೆರಡು ವಾರಕ್ಕೂ ಗುಣವಾದವರ ಪ್ರಮಾಣ ಒಂದೇ, ನೂರಕ್ಕೆ 90.9 ಅಂತ 2015ರಲ್ಲಿ ತೋರಿಸಿದರು. ಅಪ್ಪನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಅರ್ಧ ಉಳೀತು ಅನ್ನು" ಅಂದರು.

ಆರು ವಾರ ಆಸ್ಪತ್ರೆಯಲ್ಲಿರಲು ಆಗುವುದಿಲ್ಲ. ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ತೆಳ್ಳನೆಯ ಕೊಳವೆ ಹಾಕಿ, ಮನೆಯಲ್ಲೇ ಔಷಧಿ ಕೊಡುವ ಏರ್ಪಾಡಾಯಿತು. ಅದೇ ಪಿಕ್ ಲೈನ್. ರಕ್ತ ಶುಚಿಯಾಗಿ ಎರಡು-ಮೂರು ದಿನ ಆಗುವವರೆಗೆ ಹಾಕುವುದಿಲ್ಲ. ಅದಾದ ಮೇಲೆ ವಿಮೆಯವರ ಸರದಿ. ಮನೆಯಲ್ಲಿ ಕೊಡುವ ಇಂಜೆಕ್ಷನ್‌ಗೆ ಮೊದಲೇ ಒಪ್ಪಿಗೆ ಬೇಕು ಅಂದರು. ಒಂದು ಪತ್ರದಲ್ಲಿ ರೋಗಾಣುವಿನ ಹೆಸರು ಇಲ್ಲ ಅಂತ ವಾಪಸ್ ಕಳಿಸಿದರು. ಎರಡು ದಿನ ಸುಮ್ನೆ ಬೆಡ್ ಚಾರ್ಜ್ ಕಟ್ಟಿದೆವು. ನಮ್ಮ ಒಟ್ಟು ಖರ್ಚಿನಲ್ಲಿ ಔಷಧಿಯದ್ದೇ ಅತಿ ಚಿಕ್ಕ ಪಾಲು. ದುಡ್ಡು ಹೋದದ್ದು ಬೆಡ್‌ಗೆ, ಸ್ಕ್ಯಾನ್‌ಗೆ, ಪರೀಕ್ಷೆಗಳಿಗೆ. ಆರು ವಾರ ಅಂತ ಗೊತ್ತಾದ ದಿನವೇ ಆ ಪತ್ರ ಕೇಳಿ, ಅದರಲ್ಲಿ ರೋಗಾಣು, ಔಷಧಿ, ಡೋಸ್, ಮುಗಿಯುವ ತಾರೀಖು ನಾಲ್ಕೂ ಇದೆಯಾ ನೋಡಿ.

ಆ ಮುಗಿಯುವ ತಾರೀಖಿನಲ್ಲೇ ನಮಗೆ ತಪ್ಪು ಸಿಕ್ಕಿದ್ದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆರು ವಾರವನ್ನು ಸೇರಿದ ದಿನದಿಂದ ಎಣಿಸಿದ್ದರು, 42ನೇ ದಿನಕ್ಕೆ ನಿಲ್ಲಿಸಿ ಅಂತ. ಲೆಕ್ಕ ಶುರುವಾಗಬೇಕಾದದ್ದು ಮೊದಲ ನೆಗೆಟಿವ್ ಕಲ್ಚರ್‌ನಿಂದ, ಅದೂ ರಿಪೋರ್ಟ್ ಬಂದ ದಿನದಿಂದಲ್ಲ, ರಕ್ತ ತೆಗೆದ ದಿನದಿಂದ. ನಮಗೆ ಅದು ಐದನೇ ದಿನ, ಹಾಗಾಗಿ 46. ತಜ್ಞೆ ಬಾಯಿಮಾತಿನಲ್ಲಿ ಹೇಳಿದ್ದನ್ನು ನಾನು ಫೋನಿನಲ್ಲಿ ಬರೆದುಕೊಂಡಿದ್ದೆ, ಅದರಿಂದ ಗೊತ್ತಾಯಿತು. ತಿದ್ದಿಸಲು ಇನ್ನರ್ಧ ದಿನ.

ಮನೆಯಲ್ಲಿ ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಕೈ ತೊಳೆ, ಕೊಳವೆಯ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಸೆಕೆಂಡ್ ತಿರುಗಿಸಿ ತಿರುಗಿಸಿ ಉಜ್ಜು, ಒಣಗಲು ಬಿಡು, ಸಲೈನ್, ಔಷಧಿ, ಮತ್ತೆ ಸಲೈನ್. ಸಲೈನ್ ಒಂದೇ ಸಮ ತಳ್ಳಬಾರದು, ತಡೆದು ತಡೆದು ತಳ್ಳಬೇಕು. ಹತ್ತು ಎಂಎಲ್‌ಗಿಂತ ಸಣ್ಣ ಸಿರಿಂಜ್ ಬೇಡ, ಒತ್ತಡ ಜಾಸ್ತಿಯಾಗಿ ಕೊಳವೆ ಒಡೆಯಬಹುದು. ಆ ತೋಳಿನಲ್ಲಿ ಬಿಪಿ ನೋಡಬಾರದು. ಮೊದಲ ಮೂರು ದಿನ ನನ್ನ ಕೈ ನಡುಗುತ್ತಿತ್ತು. ಆಮೇಲೆ ಅಪ್ಪನೇ ಹದಿನೈದು ಎಣಿಸುತ್ತಿದ್ದರು, ನಾನು ಹನ್ನೆರಡಕ್ಕೆ ನಿಲ್ಲಿಸಿದರೆ ಬೈಯುತ್ತಿದ್ದರು.

29ನೇ ದಿನ, ಭಾನುವಾರ ರಾತ್ರಿ, ಸಲೈನ್ ಒಳಗೆ ಹೋಗಲಿಲ್ಲ. ತೋಳು ಮೇಲೆತ್ತಿಸಿದೆ, ಕ್ಲಿಪ್ ನೋಡಿದೆ, ಇಲ್ಲ. ಬಲವಾಗಿ ತಳ್ಳಬೇಡಿ ಅಂದದ್ದು ನೆನಪಿತ್ತು, ಪುಣ್ಯ. ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಕೊಳವೆಯೊಳಗೆ ತುಂಬಿ ಕಾಯ್ದರು. ಒಂದೂವರೆ ಗಂಟೆಗೆ ತೆರೆದುಕೊಂಡಿತು. ಹತ್ತರ ಡೋಸ್ ಬಿದ್ದದ್ದು ರಾತ್ರಿ ಒಂದೂವರೆಗೆ. ರಜಾದಿನ ಯಾರಿಗೆ ಫೋನ್ ಮಾಡಬೇಕು ಅಂತ ಡಿಸ್ಚಾರ್ಜ್ ದಿನವೇ ನಂಬರ್ ತೆಗೆದುಕೊಳ್ಳಿ.

ವಾರಕ್ಕೊಮ್ಮೆ ರಕ್ತ ಪರೀಕ್ಷೆ ಇರುತ್ತಿತ್ತು: ಬಿಳಿ ಕಣ, ಕ್ರಿಯಾಟಿನಿನ್, ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ. ನಾನು ಮೂರನ್ನೂ ಒಂದೇ ಹಾಳೆಯಲ್ಲಿ ತಾರೀಖಿನ ಸಮೇತ ಬರೆಯುತ್ತಾ ಹೋದೆ. ಪ್ರತಿ ಸಲ ಹೊಸ ಡಾಕ್ಟರ್ ಇದ್ದಾಗಲೂ ಫೈಲು ಬಿಟ್ಟು ಆ ಹಾಳೆಯನ್ನೇ ನೋಡಿದರು.

ಮೊನ್ನೆ ಲೈನ್ ತೆಗೆಯುವಾಗ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನೋವೇ ಆಗಲಿಲ್ಲವಂತೆ. ಸಿಸ್ಟರ್ ಕೊಳವೆಯನ್ನು ಅಳತೆಪಟ್ಟಿಯ ಪಕ್ಕ ಇಟ್ಟು, ಹಾಕಿದಾಗ ಬರೆದ ಉದ್ದಕ್ಕೆ ಸರಿಯಿದೆಯಾ ನೋಡಿದರು. ತುಂಡು ಒಳಗೆ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. "ಇಷ್ಟುದ್ದ ಒಳಗಿತ್ತಾ?" ಅಂದರು ಅಪ್ಪ, ಕಣ್ಣು ಬಿಟ್ಟು.

ಇನ್ನು ಎರಡು-ಮೂರು ತಿಂಗಳು ಜ್ವರ, ಚಳಿ, ಬೆನ್ನು ನೋವು ಬಂದರೆ ಮನೆಯಲ್ಲಿರುವ ಯಾವ ಮಾತ್ರೆಯನ್ನೂ ನುಂಗದೆ ಮೊದಲು ಬಂದು ಕಲ್ಚರ್ ಕೊಡಿ ಅಂದಿದ್ದಾರೆ. ರಾತ್ರಿ ಅಪ್ಪ ಹಿಮ್ಮಡಿಗೆ ಮುಲಾಮು ಹಚ್ಚಿಕೊಂಡು ಕಾಲು ಚಾಚುತ್ತಾರೆ, ನಾನು ಫೋನಿನ ಟಾರ್ಚ್ ಹಿಡಿದು ಒಡಕುಗಳನ್ನು ನೋಡುತ್ತೇನೆ. ಎಡಗಾಲಿನದ್ದು ಮುಚ್ಚಿದೆ. ಬಲಗಾಲಿನಲ್ಲಿ ಒಂದು ಇನ್ನೂ ಇದೆ, ಆದರೆ ಕೆಂಪಿಲ್ಲ.